ಭಾವನ ಟರ್ಮಿನಲ್

ಕೈ ಎತ್ತಿದ್ದರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತಿದ್ದ ಅವಮಾನ ಅದು. ಭಾವ ಕೈ ಎತ್ತಲಿಲ್ಲ. ಹಾಗಾಗಿ ಬೆಳಿಗ್ಗೆ ಒಂಬತ್ತೂಕಾಲಿನಿಂದ ಸಂಜೆ ಐದೂವರೆಯವರೆಗೆ ಅದನ್ನು ಕಂತು ಕಂತಾಗಿ ಅನುಭವಿಸಬೇಕಾಯಿತು.

ಭಾವ ಯಾರಿಗೆ ಭಾವ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕಚೇರಿಯಲ್ಲಿ ಅವರು ನಿಜವಾಗಿ ಭಾವ ಆಗಬೇಕಾದದ್ದು ಒಬ್ಬನಿಗೆ, ತಂಡದ ಮುಖ್ಯಸ್ಥನಿಗೆ. ಅವನು ಅವರ ಹೆಂಡತಿಯ ತಮ್ಮ. ಭಾವ ಕೆಲಸಕ್ಕೆ ಸೇರಿದ ದಿನ ಅವನು ಎಲ್ಲರೆದುರು ಬಾಯಿತಪ್ಪಿ “ಬನ್ನಿ ಭಾವ” ಎಂದುಬಿಟ್ಟ. ಅಂದಿನಿಂದ ಅವರು ಇಡೀ ಕಚೇರಿಗೇ ಭಾವ. ಪಕ್ಕದ ಮೇಜಿನವನಿಗೂ ಭಾವ, ಕೆಳಗೆ ಗೇಟಿನಲ್ಲಿ ಕೂರುವ ಕಾವಲುಗಾರನಿಗೂ ಭಾವ. ಕಂಪನಿಯ ಒಡತಿ ಮೇಡಂ ಮಾತ್ರ ಸ್ವಲ್ಪ ಮರ್ಯಾದೆ ಸೇರಿಸಿ “ಭಾವ ಅವರೇ” ಎನ್ನುತ್ತಿದ್ದರು.

ವಯಸ್ಸು ನಲವತ್ತೇಳು. ಇಪ್ಪತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಹಳೇ ಕಂಪ್ಯೂಟರಿಗೆ ಹಳೇ ಭಾಷೆಯಲ್ಲಿ ಪ್ರೋಗ್ರಾಮು ಬರೆದುಕೊಂಡು ನೆಮ್ಮದಿಯಾಗಿದ್ದರು. ಮುದ್ರಣಾಲಯ ಬಾಗಿಲು ಹಾಕಿದ ಮೇಲೆ ಎಂಟು ತಿಂಗಳು ಮನೆಯಲ್ಲಿ ಕೂತಿದ್ದಾಯಿತು. ಆಗ ಭಾಮೈದ ಮೇಡಂ ಹತ್ತಿರ ಹೋಗಿ “ನಮ್ಮ ಭಾವನಿಗೆ ಗೊತ್ತಿಲ್ಲದ್ದು ಅಂತ ಇಲ್ಲ ಮೇಡಂ, ನಾನು ಜವಾಬ್ದಾರಿ” ಎಂದು ಈ ಕೆಲಸ ಕೊಡಿಸಿದ. ಆರು ತಿಂಗಳು ನೋಡೋಣ, ಸರಿ ಕಂಡರೆ ಕಾಯಂ ಎಂದಿದ್ದರು ಮೇಡಂ. ಆ ಆರು ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಗೊತ್ತಿಲ್ಲದ್ದು ಇಲ್ಲ ಎಂಬ ಹೆಸರು ಹೊತ್ತು ಬಂದ ಭಾವನಿಗೆ ಗೊತ್ತಿಲ್ಲದ್ದು ದಿನಕ್ಕೆ ಮೂರಾದರೂ ಎದುರಾಗುತ್ತಿತ್ತು. ಕೇಳಲು ನಾಚಿಕೆ. ಕೇಳಿದರೆ ಹೋಗುವುದು ತನ್ನ ಮಾನ ಮಾತ್ರವಲ್ಲ, ಭಾಮೈದನ ಮಾನವೂ ಹೌದು ಎಂಬ ಹೆದರಿಕೆ ಬೇರೆ.

ಕಂಪನಿಯ ಕೆಲಸ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ನಿಲ್ದಾಣದ ಫಲಕದಲ್ಲಿ ತೋರಿಸುವ ಪ್ರೋಗ್ರಾಮು ಬರೆಯುವುದು. ಬರೆಯುವುದು ಎಡಿಟರಿನಲ್ಲಿ. ಎಡಿಟರಿನ ಕೆಳಭಾಗದಲ್ಲಿ ಟರ್ಮಿನಲ್ ಎಂಬ ಕಪ್ಪು ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಅಲ್ಲಿ ಆಜ್ಞೆ ಟೈಪು ಮಾಡಿದರೆ ಕಂಪ್ಯೂಟರು ಕೇಳುತ್ತದೆ. ನಡುವೆ ನಿಂತು ನಮ್ಮ ಮಾತನ್ನು ಅದಕ್ಕೆ ಮುಟ್ಟಿಸುವ ದುಭಾಷಿಗೆ ಶೆಲ್ ಎಂದು ಹೆಸರು. ಕಂಪ್ಯೂಟರಿನ ಜೊತೆಗೇ ಬಂದ ಹಳೇ ಶೆಲ್ ಒಂದಿತ್ತು. ಹೋದ ತಿಂಗಳು ಆ ದುಭಾಷಿ ಏನೋ ಅರ್ಥ ಮಾಡಿಕೊಂಡು ಏನೋ ಹೇಳಿ, ಊರಿನ ಫಲಕಗಳಲ್ಲೆಲ್ಲ ಬೆಳಗಿನ ಬಸ್ಸು ಮಧ್ಯರಾತ್ರಿಗೆ ಬರುತ್ತದೆಂದು ತೋರಿಸಿತು. ಮೇಡಂ ಬೈಗುಳ ತಿಂದರು. ಮಾರನೆಯ ದಿನವೇ ಆದೇಶ ಬಂತು: ಇನ್ನು ಮುಂದೆ ಎಲ್ಲರೂ ಯುನಿಕ್ಸ್ ಮಾದರಿಯ ಬ್ಯಾಶ್ ಎಂಬ ಶೆಲ್ಲನ್ನೇ ಬಳಸಬೇಕು, ಅದನ್ನು ಅವರವರ ಎಡಿಟರಿನ ಒಳಗೇ ಕೂರಿಸಿಕೊಳ್ಳಬೇಕು. ಒಂದು ವಾರ ಸಮಯ.

ಆ ವಾರವೂ ಇವತ್ತಿಗೇ ಮುಗಿಯಿತು. ಬೆಳಗಿನ ಸಭೆಯಲ್ಲಿ ಭಾಮೈದ ಗಂಟಲು ಸರಿಮಾಡಿಕೊಂಡು ಕೇಳಿದ.

“ಬ್ಯಾಶ್ ಎಲ್ಲರದ್ದೂ ಆಗಿದೆ ತಾನೆ? ಆಗದೇ ಇರೋರು ಕೈ ಎತ್ತಿ.”

ಭಾವ ಅತ್ತಿತ್ತ ನೋಡಿದರು. ಪಕ್ಕದಲ್ಲಿ ಪಂಡಿತ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ವಯಸ್ಸು ಇಪ್ಪತ್ತೊಂಬತ್ತಾದರೂ ಯಾವ ವಿಷಯ ಎತ್ತಿದರೂ ಅದರ ಚರಿತ್ರೆ ಹೇಳುತ್ತಿದ್ದುದರಿಂದ ಆ ಹೆಸರು. ಅವನ ಕೈ ಏಳಲಿಲ್ಲ. ಎದುರಿಗೆ ಟೆಸ್ಟಿಂಗ್ ಅಕ್ಕ, ಪ್ರೋಗ್ರಾಮುಗಳ ತಪ್ಪು ಹುಡುಕುವವಳು. ಭಾವನಿಗಿಂತ ಒಂಬತ್ತು ವರ್ಷ ಚಿಕ್ಕವಳು, ಆದರೂ ಭಾವ ಕೂಡ ಅಕ್ಕ ಎನ್ನುತ್ತಿದ್ದರು. ತಪ್ಪು ಹುಡುಕುವವರನ್ನು ಕಂಡರೆ ಅವರಿಗೆ ತನ್ನಷ್ಟಕ್ಕೆ ಗೌರವ ಬಂದುಬಿಡುತ್ತಿತ್ತು. ಅವಳ ಕೈಯೂ ಏಳಲಿಲ್ಲ. ಹೀಗಿರುವಾಗ ತಾನೊಬ್ಬ ಹೇಗೆ ಎತ್ತುವುದು? ಭಾವ ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಕೂತರು.

“ಒಳ್ಳೇದು,” ಎಂದ ಭಾಮೈದ. ಯಾಕೋ ಅವನ ಮುಖ ಸ್ವಲ್ಪ ಇಳಿದಂತೆ ಕಂಡಿತು. “ನಾಲ್ಕು ಗಂಟೆಗೆ ಮೇಡಂ ಬರ್ತಾರೆ. ದೊಡ್ಡ ಪರದೆ ಮೇಲೆ ಒಬ್ಬರು ತೋರಿಸ್ಬೇಕಂತೆ. ಭಾವ, ನಿಮ್ದು ಇವತ್ತು ಆರು ತಿಂಗಳು ಮುಗಿಯುತ್ತಲ್ಲ, ನೀವೇ ತೋರಿಸಿ ಅಂದಿದ್ದಾರೆ.”

“ಓಹೋ, ಅದಕ್ಕೇನು,” ಎಂದರು ಭಾವ.

ಮೇಜಿಗೆ ಬಂದು ಕೂತವರೇ ಎಡಿಟರಿನ ಸೆಟ್ಟಿಂಗ್ಸ್ ತೆರೆದರು. ಅದು ಗುಂಡಿಗಳಿರುವ ಪುಟವಲ್ಲ, ಒಂದು ಉದ್ದನೆಯ ಬರಹ. ಎಲ್ಲಿ ನೋಡಿದರೂ ಸುರುಳಿ ಆವರಣ, ಉದ್ಧರಣ ಚಿಹ್ನೆ, ಅಲ್ಪವಿರಾಮ. ಅದರೊಳಗೆ ಬ್ಯಾಶ್ ಎಲ್ಲಿದೆ ಎಂಬ ವಿಳಾಸ ಬರೆಯಬೇಕು. ಬ್ಯಾಶ್ ಇದ್ದ ಫೋಲ್ಡರಿನಲ್ಲಿ ಹುಡುಕಿದರೆ ಹೆಚ್ಚುಕಡಿಮೆ ಒಂದೇ ಹೆಸರಿನ ಮೂರು ಫೈಲು ಸಿಕ್ಕವು. ಅದರಲ್ಲಿ ಚಿತ್ರ ಚೆನ್ನಾಗಿದ್ದ ಒಂದನ್ನು ಆರಿಸಿ ವಿಳಾಸ ಬರೆದು ಟರ್ಮಿನಲ್ ತೆರೆದರು. ಎಡಿಟರಿನ ಒಳಗೆ ಏನೂ ಕಾಣಲಿಲ್ಲ. ಹೊರಗಡೆ ಬೇರೆಯೇ ಒಂದು ಕಪ್ಪು ಕಿಟಕಿ ಟಪ್ಪನೆ ತೆರೆದುಕೊಂಡಿತು. ಮುಚ್ಚಿ ಮತ್ತೆ ಪ್ರಯತ್ನಿಸಿದರು. ಮತ್ತೊಂದು ಕಿಟಕಿ. ಗುಂಡಿ ಸರಿಯಾಗಿ ಒತ್ತಲಿಲ್ಲವೇನೋ ಎಂದು ನಾಲ್ಕೈದು ಸಲ ಒತ್ತಿದರು. ಒಂದರ ಮೇಲೊಂದು ಏಳು ಕಿಟಕಿ ತೆರೆದುಕೊಂಡು ಎಡಿಟರೇ ಅವುಗಳ ಹಿಂದೆ ಮರೆಯಾಯಿತು. ಒಳಗೆ ಬಂದು ಕೂರಿ ಎಂದು ಕರೆದ ನೆಂಟರು ಹೊಸ್ತಿಲಾಚೆಯೇ ಸಾಲಾಗಿ ನಿಂತ ಹಾಗಿತ್ತು.

ಅಷ್ಟರಲ್ಲಿ ಹಿಂದಿನಿಂದ ಪಂಡಿತನ ಚಹಾ ಲೋಟದ ಸದ್ದು.

“ಏನ್ ಭಾವ, ಇಷ್ಟೊಂದು ತೆರೆದಿಟ್ಟಿದೀರಿ?”

“ಹೋಲಿಸಿ ನೋಡ್ತಿದ್ದೆ,” ಎಂದರು ಭಾವ. ಯಾವುದನ್ನು ಯಾವುದರ ಜೊತೆ ಎಂದು ಅವರಿಗೂ ತಿಳಿಯದು.

“ಶೆಲ್ ಅನ್ನೋದು ಇದೆಯಲ್ಲ ಭಾವ, ಅದು ಶುರುವಾಗಿದ್ದೇ...” ಎಂದು ಪಂಡಿತ ಕುರ್ಚಿ ಎಳೆದುಕೊಂಡ. ಹತ್ತು ನಿಮಿಷ ಶೆಲ್ಲಿನ ಹುಟ್ಟು, ಬಾಲ್ಯ, ಯೌವನ ಎಲ್ಲ ವಿವರಿಸಿದ. ಹೇಳುತ್ತಲೇ ಅವನ ಕತ್ತು ಮಾತ್ರ ಭಾವನ ಪರದೆಯ ಕಡೆಗೆ ಉದ್ದವಾಗುತ್ತಿತ್ತು. “ಅಂದಹಾಗೆ ನೀವು ವಿಳಾಸ ಹೇಗೆ ಬರೆದಿದೀರಿ, ಸುಮ್ನೆ ಕೇಳ್ದೆ. ಫೋಲ್ಡರ್ ಹೆಸರುಗಳ ನಡುವೆ ಓರೆಗೆರೆ ಎರಡೆರಡು ಸಲ ಹಾಕಿದೀರಾ, ಒಂದೇ ಸಲಾನಾ?”

ಭಾವ ಪರದೆಗೆ ಅಡ್ಡವಾಗಿ ಬೆನ್ನು ಕೊಟ್ಟರು. ಇವನು ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಅವರಿಗೆ ಖಾತ್ರಿಯಾಯಿತು. “ಎರಡೆರಡು ಸಲ. ಗೊತ್ತಿರೋ ವಿಷಯಾನೇ,” ಎಂದರು.

“ಹಾಂ, ಹಾಂ, ಎರಡೆರಡೇ,” ಎಂದು ಪಂಡಿತ ಲಗುಬಗೆಯಿಂದ ತನ್ನ ಮೇಜಿಗೆ ಹೋದ. ಭಾವ ಕೂಡಲೇ ಇದ್ದ ಓರೆಗೆರೆಗಳನ್ನೆಲ್ಲ ಎರಡು ಮಾಡಿದರು. ಮೊದಲೇ ಕೆಲವು ಎರಡಿದ್ದವು, ಅವು ನಾಲ್ಕಾದವು. ಈಗ ಹೊರಗಿನ ಕಿಟಕಿಯೂ ತೆರೆಯಲಿಲ್ಲ. ಹೇಳಿದ ಜಾಗದಲ್ಲಿ ಶೆಲ್ಲೇ ಇಲ್ಲ ಎಂದು ಮೂಲೆಯಲ್ಲಿ ಕೆಂಪು ಗುರುತಿನ ಸಂದೇಶ ಬಂತು.

ಆಮೇಲೆ ವಿಚಿತ್ರ ಶುರುವಾಯಿತು. ಭಾವ ನಾಲ್ಕನ್ನು ಎರಡು ಮಾಡಿ ಉಳಿಸುವರು. ಕನ್ನಡಕ ಒರೆಸಿಕೊಂಡು ನೋಡಿದರೆ ಅದು ಒಂದಾಗಿರುವುದು. ಬೇರೆ ಫೈಲಿನ ಹೆಸರು ಹಾಕುವರು. ಮೂಗು ಒರೆಸಿಕೊಂಡು ನೋಡಿದರೆ ಅಲ್ಲಿ ಮೂರನೆಯದೊಂದು ಹೆಸರು ಕೂತಿರುವುದು. ತಾನೇ ಬರೆದು ತಾನೇ ಮರೆಯುತ್ತಿದ್ದೇನೆಯೇ? ನಲವತ್ತೇಳಕ್ಕೇ ಅರಳುಮರುಳೇ? ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಒಂದು ಅಕ್ಷರ ತಪ್ಪದೆ ದುಡಿದ ಮನುಷ್ಯನಿಗೆ ತಾನು ಈಗಷ್ಟೇ ಏನು ಬರೆದೆ ಎಂಬುದರ ಮೇಲೆಯೇ ನಂಬಿಕೆ ಹೋಯಿತು. ಕಿವಿ ಬಿಸಿಯಾಯಿತು. ಹೊರಗೆ ಉಳಿದಿದ್ದ ಒಂದು ಕಪ್ಪು ಕಿಟಕಿಯಲ್ಲಿ, ಬೇರೆ ಯಾರಿಗೂ ಹೇಳಲಾರದೆ, “ದಯವಿಟ್ಟು ಒಳಗೆ ಬಾ” ಎಂದು ಟೈಪು ಮಾಡಿದರು. ಅಂಥ ಆಜ್ಞೆ ಇಲ್ಲ ಎಂದು ಉತ್ತರ ಬಂತು.

ಹನ್ನೊಂದಕ್ಕೆ ಟೆಸ್ಟಿಂಗ್ ಅಕ್ಕ ಬಂದಳು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಅಕ್ಕ ಬಿಸ್ಕತ್ತು ಕೊಡಲು ಬಂದರೆ ತಪ್ಪು ಸಿಕ್ಕಿದೆ ಎಂದೇ ಅರ್ಥ.

“ತಗೊಳ್ಳಿ ಭಾವ. ಎಲ್ಲಾ ಸರಿಯಾಗಿದೆ ತಾನೆ?”

“ಸರಿಯಾಗಿಲ್ದೆ ಏನಕ್ಕ.”

“ಅಲ್ಲ, ನಾಲ್ಕು ಗಂಟೆಗೆ ತೋರಿಸೋದನ್ನ ಈಗಲೇ ಒಂದ್ಸಲ ನಂಗೆ ತೋರಿಸಿದ್ರೆ ತಪ್ಪಿದ್ರೆ ಹೇಳ್ಬಹುದಿತ್ತು.”

“ಬೇಡಕ್ಕ. ಎಲ್ಲರ ಜೊತೆ ನೋಡಿದ್ರೇ ಚೆನ್ನ.”

ಅಕ್ಕ ಅವರ ಮುಖವನ್ನೇ ನೋಡಿದಳು. ಭಾವ ಬಿಸ್ಕತ್ತನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡು ಮಾತಾಡಲಾರದವರಂತೆ ತಲೆ ಆಡಿಸಿದರು. ಅವಳು ಹೋದ ಮೇಲೆ ಅದು ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮು ಹತ್ತಿತು. ಕೆಮ್ಮುತ್ತ ಕೆಮ್ಮುತ್ತಲೇ ಅವರಿಗೆ ಅಳು ಬರುವಷ್ಟು ನಾಚಿಕೆಯಾಯಿತು. ಎಷ್ಟು ಒಳ್ಳೆಯ ಹೆಂಗಸು, ತಾನಾಗಿ ಬಂದು ಸಹಾಯ ಮಾಡುತ್ತೇನೆಂದಳು, ತನಗೆ ಬಾಯಿ ಬರಲಿಲ್ಲವಲ್ಲ.

ಆಮೇಲೆ ಒಂದು ಗಂಟೆ ಭಾವ ತಲೆ ಎತ್ತಲಿಲ್ಲ. ಆವರಣ ತೆಗೆದರು, ಹಾಕಿದರು. ಅಲ್ಪವಿರಾಮವನ್ನು ಎಲ್ಲೆಲ್ಲೋ ಇಟ್ಟು ನೋಡಿದರು. ಯಾವ ಹಂತದಲ್ಲಿ ಏನು ಮಾಡಿದರೆಂದು ಕೇಳಿದರೆ ದೇವರಾಣೆಗೂ ಹೇಳಲಾರರು. ಒಂದು ಸಲ ಹೀಗೇ, ಕಣ್ಣು ಅರೆಮುಚ್ಚಿ ಗುಂಡಿ ಒತ್ತಿದರು.

ಎಡಿಟರಿನ ಕೆಳಗೆ, ಒಳಗೇ, ಹಸಿರು ಅಕ್ಷರದಲ್ಲಿ ಕಂಪ್ಯೂಟರಿನ ಹೆಸರು ಮೂಡಿತು. ಅದರ ಕೆಳಗೆ ಡಾಲರ್ ಚಿಹ್ನೆ. ಪಕ್ಕದಲ್ಲಿ ಮಿಣುಕು ಮಿಣುಕು ಕರ್ಸರ್. ಭಾವ ಉಸಿರು ಬಿಗಿಹಿಡಿದು ನಾನೆಲ್ಲಿದ್ದೇನೆ ಎಂದು ಕೇಳುವ ಆಜ್ಞೆ ಟೈಪು ಮಾಡಿದರು. ಇಂಥ ಫೋಲ್ಡರಿನಲ್ಲಿದ್ದೀರಿ ಎಂದು ಶೆಲ್ ವಿನಯದಿಂದ ಹೇಳಿತು. ಗೋಡೆ ಗಡಿಯಾರದಲ್ಲಿ ಹನ್ನೆರಡು ಹದಿನೇಳು. ಎದ್ದು ನಿಂತು ಯಾರನ್ನಾದರೂ ತಬ್ಬಿಕೊಳ್ಳೋಣವೆನಿಸಿತು. ಆದರೆ ಮೊದಲೇ ಆಗಿದೆ ಎಂದು ಬೆಳಿಗ್ಗೆ ತೋರಿಸಿಕೊಂಡಿದ್ದ ಕೆಲಸಕ್ಕೆ ಈಗ ಕುಣಿಯುವ ಹಾಗಿರಲಿಲ್ಲ. ಸಂಭ್ರಮವನ್ನು ನುಂಗಿಕೊಂಡು ನೀರು ಕುಡಿಯಲು ಹೊರಟರು.

ನೀರಿನ ಫಿಲ್ಟರ್ ಇದ್ದದ್ದು ಭಾಮೈದನ ಗಾಜಿನ ಕೋಣೆಯ ಪಕ್ಕ. ಭಾವನನ್ನು ಕಂಡು ಅವನು ಪರದೆಯನ್ನು ಪಕ್ಕಕ್ಕೆ ತಿರುಗಿಸಿದ. ಹಣೆಯ ಮೇಲೆ ಬೆವರಿತ್ತು.

“ಭಾವ, ನಿಮ್ದು... ಚೆನ್ನಾಗಿ ನಡೀತಿದೆಯಾ?”

“ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ,” ಎಂದರು ಭಾವ. ಆ ಒಂದು ದಿನದಲ್ಲಿ ಅವರು ಹೇಳಿದ ಮೊದಲ ನಿಜ ಅದು.

“ಹೇಗೆ ಹಾಕಿದೀರಿ ಅಂತ ಒಂಚೂರು ನೋಡ್ಲಾ?”

“ಯಾಕಪ್ಪ, ನನ್ನ ಮೇಲೆ ನಂಬಿಕೆ ಇಲ್ವಾ?”

“ಛೆ, ಹಾಗಲ್ಲ ಭಾವ.”

“ಮತ್ತೆ ನಾಲ್ಕಕ್ಕೇ ನೋಡುವಿಯಂತೆ ಬಿಡು.” ಆರು ತಿಂಗಳಲ್ಲಿ ಮೊದಲ ಸಲ ಅವರು ಭಾಮೈದನ ಎದುರು ಎದೆ ಮುಂದೆ ಮಾಡಿ ನಡೆದರು. ಎರಡು ಲೋಟ ನೀರು ಕುಡಿದು ಮೇಜಿಗೆ ಬಂದು ನೋಡಿದರೆ ಡಾಲರ್ ಚಿಹ್ನೆ ಇದ್ದ ಟರ್ಮಿನಲ್ ಸತ್ತುಬಿದ್ದಿತ್ತು. ಹೊಸದಾಗಿ ತೆರೆದರೆ ಅದೇ ಕೆಂಪು ಗುರುತು: ಹೇಳಿದ ಜಾಗದಲ್ಲಿ ಶೆಲ್ ಇಲ್ಲ.

ಭಾವ ಕುರ್ಚಿಯಲ್ಲಿ ಕುಸಿದರು. ಸೆಟ್ಟಿಂಗ್ಸ್ ತೆರೆದರೆ ಅಲ್ಲಿದ್ದ ಬರಹವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಹನ್ನೆರಡು ಹದಿನೇಳಕ್ಕೆ ಏನು ಬರೆದಿದ್ದೆ ಎಂದು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದರು. ನೆನಪಾದದ್ದು ಬರೀ ಹಸಿರು ಅಕ್ಷರ.

ಊಟದ ಹೊತ್ತಿಗೆ ಹೆಂಡತಿಯ ಫೋನು.

“ರೀ, ಇವತ್ತು ಕಾಯಂ ಆಗುತ್ತಲ್ಲ?”

“ನೋಡ್ಬೇಕು.”

“ನೋಡೋದೇನು. ನನ್ನ ತಮ್ಮ ಆ ಮೇಡಂ ಹತ್ತಿರ ಎಷ್ಟು ಹೇಳಿಟ್ಟಿದಾನೆ ಗೊತ್ತಾ? ಅವನ ತಲೆ ತಗ್ಗೋ ಹಾಗೆ ಮಾತ್ರ ಮಾಡ್ಬೇಡಿ. ಊಟ ಆಯ್ತಾ?”

“ಹೂಂ,” ಎಂದರು ಭಾವ. ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಎಂಟು ತಿಂಗಳು ಮನೆಯಲ್ಲಿ ಕೂತಿದ್ದಾಗ ಬೆಳಿಗ್ಗೆ ಯಾರಾದರೂ ಬಾಗಿಲು ತಟ್ಟಿದರೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದದ್ದು ನೆನಪಾಯಿತು. ಮತ್ತೆ ಆ ಸ್ನಾನದ ಮನೆಗೆ ಹೋಗುವುದು ಅವರಿಗೆ ಬೇಕಿರಲಿಲ್ಲ.

ಮೂರು ಗಂಟೆಗೆ ಅಕ್ಕ ಮತ್ತೆ ಬಂದಳು. ಈ ಸಲ ಬಿಸ್ಕತ್ತಿಲ್ಲ. ಭಾವನ ಮೇಜಿಗೂ ಪಂಡಿತನ ಮೇಜಿಗೂ ನಡುವೆ ನಿಂತು, ಇಬ್ಬರಿಗೂ ಕೇಳುವ ಹಾಗೆ ತಗ್ಗಿದ ದನಿಯಲ್ಲಿ ಹೇಳಿದಳು.

“ಬೆಳಿಗ್ಗೆಯಿಂದ ಯಾರೋ ಸೆಟ್ಟಿಂಗ್ಸ್ ಒಳಗೆ ಕೈಯಾಡಿಸ್ತಿದಾರೆ.”

“ಯಾರ ಸೆಟ್ಟಿಂಗ್ಸು?” ಎಂದರು ಭಾವ.

“ಯಾರದ್ದು ಅಂದ್ರೆ? ಎಲ್ಲರದ್ದೂ ಒಂದೇ ಅಲ್ವಾ. ಎಲ್ಲರ ಎಡಿಟರೂ ಒಂದೇ ಥರ ಇರ್ಲಿ ಅಂತ ನಿಮ್ಮ ಭಾಮೈದ ತಾನೆ ಆಫೀಸಿಗೆಲ್ಲ ಒಂದೇ ಖಾತೆ ಮಾಡಿಟ್ಟಿರೋದು. ಒಬ್ಬರು ಒಂದು ಅಲ್ಪವಿರಾಮ ತೆಗೆದ್ರೂ ಉಳಿದೋರ ಕಂಪ್ಯೂಟರಲ್ಲೂ ಅದು ಹೋಗುತ್ತೆ. ನಾನೂ ಮರೆತೇಬಿಟ್ಟಿದ್ದೆ, ಈಗ ಹೊಳೀತು.”

ಹಾಗಾದರೆ ಏಳು ಕಿಟಕಿಗಳು, ನಾಲ್ಕು ಓರೆಗೆರೆಗಳು, ಎಲ್ಲವೂ ಎಲ್ಲರ ಕಂಪ್ಯೂಟರಿಗೂ ಹೋಗಿವೆ. ಪಾಪ, ಹೋದ ವಾರವೇ ಅಚ್ಚುಕಟ್ಟಾಗಿ ಬ್ಯಾಶ್ ಕೂರಿಸಿಕೊಂಡಿದ್ದ ಜನ, ಬೆಳಿಗ್ಗೆಯಿಂದ ತನ್ನಿಂದಾಗಿ ಒದ್ದಾಡುತ್ತಿದ್ದಾರೆ. ತನ್ನ ಬರಹ ಬದಲಾಗುತ್ತಿದ್ದದ್ದು ಅವರು ಅದನ್ನು ಸರಿಮಾಡಲು ಪಟ್ಟ ಪಾಡು. ಇಷ್ಟು ಹೊತ್ತು ತಾನು ಅಸಮರ್ಥ ಎಂಬ ನಾಚಿಕೆ ಮಾತ್ರ ಇತ್ತು. ಈಗ ಎಲ್ಲರ ಕೆಲಸ ಹಾಳುಮಾಡಿದವನು ಎಂಬುದೂ ಸೇರಿಕೊಂಡಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಪಕ್ಕದಲ್ಲಿ ಪಂಡಿತ ಏಕೋ ಬಿಳಿಚಿಕೊಂಡು, ಶೆಲ್ಲಿನ ಚರಿತ್ರೆಯ ಒಂದು ವಾಕ್ಯವನ್ನೂ ಹೇಳದೆ ಕೀಬೋರ್ಡು ಒರೆಸುತ್ತಿದ್ದ.

ಮಾಡಿದ್ದನ್ನು ಅಳಿಸಿ ಮೊದಲಿದ್ದ ಹಾಗೆ ಮಾಡಿಬಿಡೋಣ ಎಂದು ಭಾವ ತೀರ್ಮಾನಿಸಿದರು. ಮೊದಲು ಹೇಗಿತ್ತೆಂದು ತಿಳಿಯದಿದ್ದರಿಂದ, ಸೆಟ್ಟಿಂಗ್ಸ್ ಬರಹವನ್ನು ಪೂರ್ತಿ ಆಯ್ಕೆ ಮಾಡಿ ಅಳಿಸಿದರು. ಏನೂ ಇಲ್ಲದಿದ್ದರೆ ಏನೂ ಕೆಡುವುದಿಲ್ಲವಲ್ಲ.

ಮೂರೂ ನಲವತ್ತಕ್ಕೆ ಕಚೇರಿಯ ಎಡಿಟರುಗಳೆಲ್ಲ ಒಂದೇ ಕ್ಷಣಕ್ಕೆ ಕಪ್ಪು ಬಣ್ಣ ಬಿಟ್ಟು ಬೆಳ್ಳಗಾದವು. ಅಕ್ಷರ ಇರುವೆಯಷ್ಟಾಯಿತು. ನಾಲ್ಕು ಕಡೆಯಿಂದ ಕುರ್ಚಿಗಳು ಕಿರುಗುಟ್ಟಿದವು. “ಅಯ್ಯೋ ಕಣ್ಣು,” ಎಂದು ಯಾರೋ ನರಳಿದರು. ಗಾಜಿನ ಕೋಣೆಯೊಳಗೆ ಭಾಮೈದ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡದ್ದು ಕಾಣಿಸಿತು.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ಸಭೆಯ ಕೋಣೆಯಲ್ಲಿ ದೊಡ್ಡ ಪರದೆ ಬೆಳಗಿತು. ಎಲ್ಲರೂ ಗೋಡೆಗೆ ಒರಗಿ ನಿಂತರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

“ಹೂಂ ಭಾವ ಅವರೇ, ತೋರಿಸಿ,” ಎಂದರು ಮೇಡಂ.

ಭಾವ ಕಂಪ್ಯೂಟರಿನ ಮುಂದೆ ನಿಂತರು. ಭಾಮೈದನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ. ತನ್ನಿಂದಾಗಿ ಅವನು ಈಗಾಗಲೇ ತಲೆ ತಗ್ಗಿಸಿದ್ದಾನೆ, ಇನ್ನು ಮುಚ್ಚಿಟ್ಟು ಏನು ಉಳಿಸಬೇಕು ಎಂದುಕೊಂಡರು ಭಾವ. ಮೇಡಂ ಕಡೆ ತಿರುಗಿದರು.

“ಮೇಡಂ, ತೋರಿಸೋಕೆ ಏನೂ ಇಲ್ಲ. ಬೆಳಿಗ್ಗೆ ಇವನು ಕೇಳಿದಾಗ ನಂದು ಆಗಿರ್ಲಿಲ್ಲ, ನಾಚಿಕೆಗೆ ಸುಮ್ನಿದ್ದೆ. ಆಮೇಲೆ ಗೊತ್ತಿಲ್ಲದೆ ಏನೇನೋ ಬರೆದು ಎಲ್ಲರದ್ದೂ ಕೆಡಿಸಿದೀನಿ. ಎಲ್ಲಾ ಬೆಳ್ಳಗಾಗಿದ್ದೂ ನನ್ನಿಂದಾನೇ. ಇವರ ತಪ್ಪು ಏನೂ ಇಲ್ಲ.”

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಸದ್ದಾಯಿತು. ಭಾವ ಸಿಟ್ಟು ನಿರೀಕ್ಷಿಸಿದ್ದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ಸ್ನಾನ ಮುಗಿಸಿ ಬಂದವರ ನೆಮ್ಮದಿಯಿತ್ತು. ಮೊದಲು ಮಾತಾಡಿದವನು ಪಂಡಿತ.

“ಒಂದು ಮಾತು ಕೇಳಿದ್ರೆ ನಾನೇ ಹೇಳಿಕೊಡ್ತಿದ್ದೆ ಭಾವ.”

“ನಾನೂ ಬಂದು ಕೇಳಿದ್ನಲ್ಲ,” ಎಂದಳು ಅಕ್ಕ. “ಬಿಸ್ಕತ್ತು ಕೂಡ ಕೊಟ್ಟೆ.”

ಭಾವ ಹುಳ್ಳಗೆ ನಕ್ಕರು. ಕೆನ್ನೆ ಉರಿಯುತ್ತಿತ್ತು.

ಮೇಡಂ ಪೆನ್ನು ಕೆಳಗಿಟ್ಟರು. “ಬರದೇ ಇರೋದು ದೊಡ್ಡ ವಿಷಯ ಅಲ್ಲ ಭಾವ ಅವರೇ. ಬರುತ್ತೆ ಅಂತ ಕೂತಿದ್ರಲ್ಲ, ಅದು ನಂಗೆ ಹಿಡಿಸ್ಲಿಲ್ಲ. ಇನ್ನು ಮೂರು ತಿಂಗಳು ನೋಡೋಣ. ದಿನಾ ಬೆಳಿಗ್ಗೆ ಒಂದು ಗಂಟೆ ನಿಮ್ಮ ಭಾಮೈದನ ಹತ್ತಿರ ಕೂತು ಶೆಲ್ ಕಲೀರಿ.” ಆಮೇಲೆ ಅವನ ಕಡೆ ತಿರುಗಿದರು. “ಹೇಳಿಕೊಡ್ತೀರಲ್ಲ?”

“ಆಗ್ಲಿ ಮೇಡಂ,” ಎಂದ ಭಾಮೈದ. ಬಾವಿಯೊಳಗಿಂದ ಬಂದ ಹಾಗಿತ್ತು ಆ ದನಿ.

ಐದೂವರೆಗೆ ಎಲ್ಲರೂ ಹೊರಟುಹೋದರು. ಭಾವ ಚೀಲ ಹೆಗಲಿಗೇರಿಸುವಾಗ ಭಾಮೈದ ಬಂದು “ಒಂದು ನಿಮಿಷ ಬನ್ನಿ ಭಾವ” ಎಂದು ಸಭೆಯ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಬೈಯುವುದಾದರೆ ಬೈಯಲಿ ಎಂದು ಭಾವ ತಲೆ ತಗ್ಗಿಸಿ ಕೂತರು.

“ಆ ಖಾತೇಲಿ ಯಾವ ಕಂಪ್ಯೂಟರಿಂದ ಎಷ್ಟು ಹೊತ್ತಿಗೆ ಏನು ಬದಲಾವಣೆ ಆಯ್ತು ಅನ್ನೋದೆಲ್ಲ ದಾಖಲಾಗಿರುತ್ತೆ ಭಾವ,” ಎಂದ ಭಾಮೈದ. “ಈಗ ತೆಗೆದು ನೋಡ್ದೆ. ಇವತ್ತು ಒಟ್ಟು ಅರವತ್ತಮೂರು.”

“ಅಷ್ಟೊಂದು ಮಾಡಿದ್ನಾ ನಾನು,” ಎಂದರು ಭಾವ.

“ನಿಮ್ದು ಹನ್ನೊಂದು.”

ಭಾವ ತಲೆ ಎತ್ತಿದರು.

“ಪಂಡಿತಂದು ಹದಿನಾಲ್ಕು. ಅಕ್ಕಂದು ಒಂಬತ್ತು. ಹೋದ ವಾರ ಯಾರೂ ಏನೂ ಮಾಡೇ ಇಲ್ಲ ಭಾವ. ಒಂದೂ ಇಲ್ಲ.”

ಭಾವ ಬೆರಳು ಮಡಚಿದರು. “ಇನ್ನೂ ಇಪ್ಪತ್ತೊಂಬತ್ತು ಉಳೀತಲ್ಲ.”

ಭಾಮೈದ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತ. “ಅದು ನಂದು,” ಎಂದ ಕೊನೆಗೆ. “ನಂಗೂ ಬರೋಲ್ಲ ಭಾವ. ಮುಖ್ಯಸ್ಥ ಆಗಿ ಯಾರನ್ನ ಕೇಳ್ಲಿ? ಯಾರಾದ್ರೂ ಒಬ್ಬರು ಕೈ ಎತ್ತಿದ್ರೆ, ಅವರಿಗೆ ಹೇಳಿಕೊಡು ಅಂತ ಪಂಡಿತನಿಗೆ ಹೇಳಿ ಪಕ್ಕದಲ್ಲಿ ನಿಂತು ನಾನೂ ನೋಡ್ಕೋತಿದ್ದೆ. ಯಾರೂ ಎತ್ತಲಿಲ್ಲ.”

ಭಾಮೈದ ಇನ್ನೂ ತಗ್ಗಿದ ದನಿಯಲ್ಲಿ ಮುಂದುವರಿಸಿದ. “ಇನ್ನೊಂದು ವಿಷಯ. ಅರವತ್ತಮೂರರಲ್ಲಿ ಒಂದೇ ಒಂದು ಸರಿ ಇತ್ತು. ಹನ್ನೆರಡು ಹದಿನೇಳಕ್ಕೆ. ಅದು ನಿಮ್ದು. ಹನ್ನೆರಡು ಹತ್ತೊಂಬತ್ತಕ್ಕೆ ನಾನು ಕೆಡಿಸ್ದೆ.”

ಭಾವ ಎದ್ದು ನಿಂತರು. ಆರು ತಿಂಗಳಿಂದ ಬಗ್ಗಿದ್ದ ಬೆನ್ನು ತಾನಾಗಿ ನೆಟ್ಟಗಾಯಿತು. ಇಡೀ ಕಚೇರಿಯಲ್ಲಿ ಆ ಕೆಲಸ ಮಾಡಿ ಮುಗಿಸಿದವನು ತಾನೊಬ್ಬನೇ. ಕಣ್ಣು ತುಂಬಿತು.

“ನಡಿಯಪ್ಪ, ಮೇಡಂ ಇನ್ನೂ ಕೆಳಗಿರ್ತಾರೆ. ನಿನ್ನ ಹೆಸರು ಬೇಡ, ನಂದೊಂದು ಸಾಲು ಮಾತ್ರ ತೋರಿಸೋಣ.”

“ಅಳಿಸಿಬಿಟ್ಟೆ ಭಾವ.”

“ಏನನ್ನ?”

“ದಾಖಲೇನ. ನನ್ನ ಹೆಸರು ಇಪ್ಪತ್ತೊಂಬತ್ತು ಸಲ ಇತ್ತಲ್ಲ. ಯಾರಾದ್ರೂ ನೋಡಿಬಿಟ್ರೆ ಅಂತ ಗಾಬರಿಯಾಗಿ ಪೂರ್ತಿ ಅಳಿಸ್ದೆ.”

“ಹನ್ನೆರಡು ಹದಿನೇಳಂದು ಬರ್ಕೊಂಡ್ಯಾ?”

“ಅಳಿಸಿದ ಮೇಲೆ ನೆನಪಾಯ್ತು.”

ಭಾವ ಮತ್ತೆ ಕೂತರು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ. ಆ ಖಾಲಿ ಕೋಣೆಯಲ್ಲಿ ಅವಳ ದನಿ ಇಬ್ಬರಿಗೂ ಚೆನ್ನಾಗಿ ಕೇಳುತ್ತಿತ್ತು.

“ತಮ್ಮ ಫೋನ್ ಮಾಡಿದ್ದ, ಎಲ್ಲಾ ಗೊತ್ತಾಯ್ತು. ಏನ್ರೀ ಇದು? ಅಷ್ಟಾದ್ರೂ ಅವನು ನಿಮ್ಮ ಮೇಲೆ ಒಂದು ಮಾತು ಆಡ್ಲಿಲ್ಲ ನೋಡಿ. ಭಾವನ್ನ ಬೈಬೇಡ ಅಕ್ಕ, ನಾನು ಹೇಳಿಕೊಡ್ತೀನಿ ಅಂದ. ಅಂಥ ತಮ್ಮ ಯಾರಿಗೆ ಸಿಗ್ತಾನೆ? ನಾಚಿಕೆ ಬಿಟ್ಟು ಕಲ್ತ್ಕೊಳ್ಳಿ.”

ಎದುರಿಗೆ ಭಾಮೈದ ಎರಡೂ ಕೈ ಜೋಡಿಸಿ ಕೂತಿದ್ದ. ಭಾವ ಅವನ ಕೈಗಳನ್ನು ನೋಡಿದರು. ನಿಜ ಹೇಳಲು ಒಂದು ವಾಕ್ಯ ಸಾಕಿತ್ತು.

“ಆಯ್ತು, ಕಲೀತೀನಿ,” ಎಂದು ಫೋನು ಇಟ್ಟರು.

ಭಾಮೈದ ಕಣ್ಣು ಒರೆಸಿಕೊಂಡ. ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಎದ್ದು ನೋಡಿ ಬಂದ. ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿ, ಶಾಲೆಯ ಮೊದಲ ಬೆಂಚಿನಲ್ಲಿ ಕೂತವನಂತೆ ಮುಂದಕ್ಕೆ ಬಾಗಿದ.

“ಈಗ ಹೇಳಿ ಭಾವ. ಹನ್ನೆರಡು ಹದಿನೇಳಕ್ಕೆ ಏನು ಮಾಡಿದ್ರಿ? ನಿಧಾನಕ್ಕೆ ಹೇಳಿ, ನಾನು ಬರ್ಕೋತೀನಿ. ನಿಮಗೊಬ್ಬರಿಗೇ ಗೊತ್ತಿರ್ಲಿ ಅಂತ ಇಡ್ಬೇಡಿ.”

ನಂಗೂ ಗೊತ್ತಿಲ್ಲಪ್ಪ ಎನ್ನಲು ಭಾವ ಬಾಯಿ ತೆರೆದರು. ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. ಭಾಮೈದ ಕಣ್ಣರಳಿಸಿ ನೋಡುತ್ತಿದ್ದ. ಆರು ತಿಂಗಳಲ್ಲಿ ಯಾರೂ ಅವರನ್ನು ಹಾಗೆ ನೋಡಿರಲಿಲ್ಲ.

“ಅಂಥ ಕಷ್ಟದ್ದೇನಲ್ಲ ಕಣಪ್ಪ,” ಎಂದರು ಭಾವ. “ಈಗ ಹೊತ್ತಾಯ್ತು. ನಾಳೆ ಬೆಳಿಗ್ಗೆ ಬೇಗ ಬಾ, ಹೇಳಿಕೊಡ್ತೀನಿ.”